ಟೈಲರಮ್ಮ ಆಪರೇಷನ್‌ಗೆ ಮೊದಲೇ ತೂಕ ಇಳಿಸಿದ್ದು

ಹೊಲಿಗೆ ಯಂತ್ರದ ಮುಂದೆ ಕುಳಿತರೆ ಟೈಲರಮ್ಮನಿಗೆ ಹೊಟ್ಟೆ ಅಡ್ಡ ಬಂದು ಸೂಜಿಗೆ ಕೈ ಎಟುಕುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಕ್ಕರೆ ಕಾಯಿಲೆ ಬೇರೆ. ಕೊನೆಗೆ ವೈದ್ಯರು ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಅಷ್ಟರೊಳಗೆ ತೂಕ ಸ್ವಲ್ಪ ಇಳಿಯಬೇಕು, ಇಲ್ಲದಿದ್ದರೆ ಆಪರೇಷನ್ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಅಂದು ಸಂಜೆಯೇ ಅವಳ ಅಕ್ಕ ಡಬ್ಬಿ ತುಂಬ ಸಿಹಿ ಹೊತ್ತು ಬಂದಳು.

"ತಿನ್ನೇ. ಆಮೇಲೆ ತಿನ್ನೋಕಾಗಲ್ವಂತೆ. ಕತ್ತರಿ ಬೀಳೋ ಮೈಗೆ ಶಕ್ತಿ ಬೇಕು."

"ಬೇಡ ಕಣಕ್ಕ. ತೂಕ ಇಳಿಸ್ಕೊಂಡು ಬಾ ಅಂದಿದಾರೆ."

"ಇಳಿಸೋಕೆ ತಾನೇ ಆಪರೇಷನ್ನು? ನೀನೇ ಇಳಿಸೋದಾದ್ರೆ ಆ ಡಾಕ್ಟರು ಕೂತ್ಕೊಂಡು ನೊಣ ಹೊಡೀತಾರಾ?"

ತಿದ್ದಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದಿದ್ದ ಪಕ್ಕದ ಮನೆಯ ನರ್ಸ್ ಬಾಗಿಲಲ್ಲೇ ನಿಂತು ಹೇಳಿದರು. "ಅಕ್ಕಾವ್ರೇ, ಹೊಟ್ಟೆ ಚೀಲದ ಮೇಲೆ ಲಿವರ್ ಇರುತ್ತೆ. ಇಷ್ಟು ತೂಕ ಇರೋರಿಗೆ ಅದರಲ್ಲೂ ಕೊಬ್ಬು ತುಂಬಿ ಊದಿರುತ್ತೆ. ಅದು ಕುಗ್ಗದಿದ್ರೆ ಕೆಳಗಿರೋ ಚೀಲ ಸರಿಯಾಗಿ ಕಾಣಲ್ಲ, ಅಪಾಯ ಜಾಸ್ತಿ."

"ಇದೆಲ್ಲ ಹೆದರಿಸೋ ಮಾತು," ಎಂದಳು ಅಕ್ಕ.

ಟೈಲರಮ್ಮನಿಗೆ ರೇಗಿತು. ಯಂತ್ರದಲ್ಲಿ ಅರ್ಧ ಹೊಲಿದ ಅಂಗಿಯಿತ್ತು. ಅದರ ಮೇಲೆ ಒಂದು ದಪ್ಪ ರಜಾಯಿ ಮಡಚಿ ಹೇರಿದಳು.

"ಈಗ ಅಡೀಲಿರೋ ಕಾಲರ್ ಹೊಲಿ ನೋಡೋಣ."

ಅಕ್ಕ ಅತ್ತಿಂದ ಇತ್ತಿಂದ ಕೈ ತೂರಿಸಿ ಸೋತಳು. "ಇದನ್ನ ತೆಗೀದೆ ಹೇಗೆ ಹೊಲೀಲೆ?"

"ಡಾಕ್ಟರೂ ಅದನ್ನೇ ಕೇಳ್ತಿರೋದು."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. "ಹಂಗಾದ್ರೆ ಉಪವಾಸ ಕೆಡವಬೇಕಾ?"

"ಅದೂ ತಪ್ಪೇ," ಎಂದರು ನರ್ಸ್. "ಆಸ್ಪತ್ರೆಯವರು ಹೇಳಿದ ಪ್ರೋಟೀನ್ ಪಾನೀಯ, ತೆಳು ಸೂಪು, ಬೇಯಿಸಿದ ತರಕಾರಿ, ಕೈಲಾದಷ್ಟು ನಡಿಗೆ. ಸಿಹಿ, ಕರಿದದ್ದು ಬಂದ್. ಊಟ ಕಮ್ಮಿಯಾದಾಗ ಸಕ್ಕರೆ ಮಾತ್ರೇನೂ ಬದಲಾಗ್ಬೇಕು. ಅದನ್ನ ಡಾಕ್ಟರೇ ಹೇಳ್ಬೇಕು."

ಮೊದಮೊದಲು ಟೈಲರಮ್ಮನಿಗೆ ತಲೆನೋವು, ಹಸಿವು, ಕಂಡವರ ಮೇಲೆಲ್ಲ ಸಿಡುಕು. ಅಕ್ಕ ಬೈಸಿಕೊಂಡೇ ಅವಳಿಗೆ ಸೂಪು ಕಾಯಿಸಿದಳು, ಬೈಸಿಕೊಂಡೇ ಜೊತೆಗೆ ನಡೆದಳು. ತೂಕದ ಮುಳ್ಳು ಇಳಿಯಿತು.

ಆಪರೇಷನ್ ಮುಗಿಸಿ ವೈದ್ಯರು ಹೊರಗೆ ಬಂದರು. "ಲಿವರ್ ಚೆನ್ನಾಗಿ ಕುಗ್ಗಿತ್ತು. ಕೆಲಸ ಸಲೀಸಾಯ್ತು. ಆರಾಮಾಗಿದಾರೆ."

ಅಕ್ಕ ಕಣ್ಣೊರೆಸಿಕೊಂಡು, ಅಲ್ಲಿ ಕುಳಿತಿದ್ದ ಗುರುತಿಲ್ಲದವರಿಗೆಲ್ಲ ಹೇಳಿದಳು. "ಅರ್ಧ ಆಪರೇಷನ್ ನಾವು ಮನೇಲೇ ಮಾಡ್ಕೊಂಡು ಬಂದಿದ್ವಿ."

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್‌ಗೆ ದಿನ ಗೊತ್ತಾಗಿದೆಯೇ? "ಕೊನೇ ಸಲ ತಿನ್ನು" ಎಂದು ತಟ್ಟೆ ತುಂಬಬೇಡಿ. ನಿಮ್ಮಷ್ಟಕ್ಕೇ ಉಪವಾಸವೂ ಕೆಡವಬೇಡಿ. ಏನು ತಿನ್ನಬೇಕು, ಎಷ್ಟು ದಿನ, ಮಾತ್ರೆ ಹೇಗೆ ಎಂದು ಆಸ್ಪತ್ರೆಯಲ್ಲಿ ಕೇಳಿ. ಅವರು ಹೇಳಿದಷ್ಟು ಮಾಡಿ, ಗೆದ್ದು ಮನೆಗೆ ಬನ್ನಿ.