ಪಡೆದವರ ಕೋಣೆ

ಆ ಆಸ್ಪತ್ರೆಯ ಲಿಫ್ಟಿಗೆ ಎರಡು ಕಡೆಯೂ ಬಾಗಿಲು. ಮೂರನೇ ಮಹಡಿ ಬಂದರೆ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಈ ಕಡೆ ಇಳಿದವರ ಎಡಗಡೆ ಆ ಕಡೆ ಇಳಿದವರಿಗೆ ಬಲಗಡೆ. ದಿನಾ ಓಡಾಡುವವರಿಗೆ ಇದು ಅಭ್ಯಾಸವಾಗಿ ಹೋಗಿತ್ತು, ಆ ಮಹಡಿಗೆ ಮೊದಲ ಸಲ ಬಂದ ಟೈಲರಮ್ಮನಿಗೆ ಹೇಗೆ ಗೊತ್ತಿರಬೇಕು? ಫೋನಿನಲ್ಲಿ ಆಸ್ಪತ್ರೆಯ ಕೌನ್ಸೆಲರ್ ಹುಡುಗಿ, ಲಿಫ್ಟಿನಿಂದ ಇಳಿದು ಎಡಕ್ಕೆ ಬನ್ನಿ, ಕೊನೆಯ ಕೋಣೆ ಎಂದಿದ್ದಳು. ಇವಳು ಇಳಿದಳು, ಎಡಕ್ಕೆ ಹೋದಳು, ಕೊನೆಯ ಕೋಣೆಯ ಬಾಗಿಲು ತಳ್ಳಿದಳು.

ಆ ಮಹಡಿಯ ಒಂದು ತುದಿಯಲ್ಲಿ ಅಂಗದಾನ ಮಾಡಿದ ಮನೆಯವರು ತಿಂಗಳಿಗೊಮ್ಮೆ ಕೂತು ದುಃಖ ಹಂಚಿಕೊಳ್ಳಲಿ ಎಂದು ಒಂದು ಕೋಣೆ. ಇನ್ನೊಂದು ತುದಿಯಲ್ಲಿ, ಅದೇ ಶನಿವಾರ ಅದೇ ಹೊತ್ತಿಗೆ, ಅಂಗ ಪಡೆದು ಬದುಕಿದವರೂ ಅವರ ಮನೆಯವರೂ ಕೂತು ಕಷ್ಟಸುಖ ಮಾತಾಡಿಕೊಳ್ಳಲಿ ಎಂದು ಇನ್ನೊಂದು ಕೋಣೆ. ಕೊಟ್ಟವರಿಗೂ ಪಡೆದವರಿಗೂ ಪರಿಚಯವೇ ಆಗಕೂಡದೆಂಬುದು ಆಸ್ಪತ್ರೆಯ ಕಟ್ಟುನಿಟ್ಟು. ಕಟ್ಟುನಿಟ್ಟು ಮಾಡಿದ ದೊಡ್ಡ ಮನುಷ್ಯರು ಲಿಫ್ಟನ್ನು ಮರೆತಿದ್ದರು.

ಒಳಗೆ ಕಾಲಿಟ್ಟರೆ ಕೋಣೆ ತುಂಬ ಜನ, ಎಲ್ಲರ ಮೂಗಿಗೂ ಮಾಸ್ಕು, ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಯಾರೋ ಏನೋ ಹೇಳಿದ್ದಕ್ಕೆ ಎಲ್ಲರಿಗೂ ನಗು. ಮನೆಯವರನ್ನು ಕಳೆದುಕೊಂಡು ಹೀಗೂ ನಗುತ್ತಾರಾ ಎಂದು ಟೈಲರಮ್ಮನಿಗೆ ಮೈ ಉರಿಯಿತು. ವಾಪಸ್ಸು ಹೋಗಿಬಿಡೋಣ ಎನ್ನುವಷ್ಟರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹೆಂಗಸೊಬ್ಬರು, ಅಲ್ಲಿ ಎಲ್ಲರ ಬಾಯಲ್ಲೂ ಮ್ಯಾನೇಜರಮ್ಮ, ಕುರ್ಚಿ ಎಳೆದು ಕೂರಿಸಿಯೇಬಿಟ್ಟರು. ಹೊಸಬರಾ, ಯಾರಿಗೆ, ಯಜಮಾನರಿಗಾ ಎಂದು ಕೇಳಿದರು. ಇವಳು ತಲೆಯಾಡಿಸಿದಳು. ಕಿಡ್ನಿಯಾ, ಲಿವರ್ರಾ ಎಂದರು. ನಿಜಕ್ಕೂ ಎರಡೂ ಹೋಗಿದ್ದವು, ಜೊತೆಗೆ ಕಣ್ಣೂ ಹೋಗಿದ್ದವು. ಅಷ್ಟೆಲ್ಲ ಹೇಳಲಾರದೆ ಕಿಡ್ನಿ ಎಂದಳು.

“ಈಗ ಹೇಗಿದ್ದಾರೆ?” ಎಂದರು ಮ್ಯಾನೇಜರಮ್ಮ.

ಆಗ ಅವಳಿಗೆ ತಾನು ತಪ್ಪು ಕೋಣೆಗೆ ಬಂದಿರುವುದು ಗೊತ್ತಾಯಿತು. ಕ್ಷಮಿಸಿ ಎಂದು ಎದ್ದು ಹೋಗಬೇಕಿತ್ತು. ಆದರೆ ನಾಲ್ಕು ತಿಂಗಳಿಂದ ಅವಳ ಗಂಡ ಹೇಗಿದ್ದಾನೆಂದು ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಹೇಗಾಯಿತು ಎಂದಷ್ಟೇ.

“ಪರವಾಗಿಲ್ಲ. ಊಟ ಸೇರ್ತಾ ಇದೆ,” ಎಂದುಬಿಟ್ಟಳು.

ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಇಳಿಸಿ, ಬಸ್ಸನ್ನು ಗೋಡೆಯ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೆದುಳು ಸತ್ತಿದೆ, ಉಸಿರು ಯಂತ್ರದ್ದು ಎಂದು ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಹೇಳಿದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಕೇಳಿದರು. ಇವಳು ಗಂಡನ ಕೈ ಹಿಡಿದುಕೊಂಡೇ ಹೂಂ ಎಂದಳು. ಆ ಕೈ ಬೆಚ್ಚಗಿತ್ತು. ಅದೇ ಈಗ ಅವಳನ್ನು ತಿನ್ನುತ್ತಿದ್ದುದು.

ಗಂಡನ ಅಣ್ಣ, ಅವಳ ಭಾವ, ಆವತ್ತು ಐಸಿಯುವಿನ ಬಾಗಿಲಲ್ಲೇ ನಿಂತು, ಉಸಿರಾಡ್ತಾ ಇರೋ ಮನುಷ್ಯನನ್ನ ಕೊಯ್ಯೋಕೆ ಕೊಟ್ಟಳು ಎಂದವನು ಆಮೇಲೆ ಈ ಮನೆಯ ಕಡೆ ತಲೆ ಹಾಕಲಿಲ್ಲ. ಭಾವ ಮಾತು ಬಿಟ್ಟ ಮೇಲೆ ಅವನ ಕಡೆಯವರೆಲ್ಲ ಬಿಟ್ಟರು. ಕೆಳಗಿನ ಮನೆಯಾಕೆ ಒಂದು ದಿನ ಮೆಟ್ಟಿಲ ಮೇಲೆ ತಡೆದು, ಎಷ್ಟು ಕೊಟ್ಟರಂತೆ ಎಂದು ಪಿಸುಗುಟ್ಟಿದಳು. ಮಕ್ಕಳಿಲ್ಲದ ಮನೆ. ಬೆಳಗಿನಿಂದ ಸಂಜೆಯವರೆಗೆ ರೆಡಿಮೇಡ್ ಅಂಗಡಿಯ ಹಿಂದಿನ ಮೂಲೆಯಲ್ಲಿ ಕೂತು, ಕಂಡವರ ಪ್ಯಾಂಟಿನ ಕಾಲು ಕತ್ತರಿಸಿ ಮಡಿಸಿ ಹೊಲಿಯುವುದು, ರಾತ್ರಿ ಬಂದು ಒಬ್ಬಳಿಗೆ ಅಕ್ಕಿ ಹಾಕುವುದು. ಒಬ್ಬಳಿಗೆ ಅಳತೆ ಎಷ್ಟೆಂದು ಅವಳಿಗೆ ಇನ್ನೂ ಕೈ ಕೂತಿರಲಿಲ್ಲ, ದಿನಾ ಮಿಗುತ್ತಿತ್ತು.

ಒಂದೇ ಸಲ ಎಂದುಕೊಂಡು ಕೂತವಳು ಮುಂದಿನ ತಿಂಗಳೂ ಬಂದಳು. ಈ ಸಲ ಗೊತ್ತಿದ್ದೇ ಆ ಬಾಗಿಲಿಂದ ಇಳಿದಳು. ಯಜಮಾನರು ಎಲ್ಲಿ ಎಂದರೆ ಡ್ಯೂಟಿ ಇದೆ ಎಂದಳು. ಆಪರೇಷನ್ ಆದವರನ್ನು ಇಷ್ಟು ಬೇಗ ಬಸ್ಸು ಹತ್ತಿಸಿದಿರಾ ಎಂದು ಮ್ಯಾನೇಜರಮ್ಮ ಗದರಿದರೆ, ಹೇಳಿದ ಮಾತು ಕೇಳುವ ಗಿರಾಕಿಯಲ್ಲ ಅದು ಎಂದು ಮೂತಿ ತಿರುವಿದಳು. ಸುತ್ತ ಕೂತ ಹೆಂಡತಿಯರೆಲ್ಲ ನಕ್ಕು, ನಮ್ಮನೇಲೂ ಅಷ್ಟೇ ಎಂದರು. ಅವಳಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಿದ ಹಾಗಾಯಿತು.

ಆಮೇಲೆ ತಡೆಯೇ ಇರಲಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೇ ಎಸೆಯುತ್ತಾನೆ ಎಂದಳು. ಬಿಪಿ ಇದೆಯೆಂದು ಉಪ್ಪಿನ ಡಬ್ಬಿ ಬಚ್ಚಿಟ್ಟರೂ ಮೂಸಿ ಹಿಡಿಯುತ್ತಾನೆ ಎಂದಳು. ಬಸ್ಸಿನಲ್ಲಿ ಯಾವ ಮಗು ಹೋಂವರ್ಕ್ ಮಾಡಿಲ್ಲ ಎನ್ನುವುದು ಮುಖ ನೋಡಿಯೇ ಗೊತ್ತಾಗುತ್ತದಂತೆ, ಅಂಥ ಮಗುವನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಳ್ಳುತ್ತಾನಂತೆ ಎಂದಳು. ಮ್ಯಾನೇಜರಮ್ಮ ವಾರದ ಏಳು ದಿನಕ್ಕೂ ಒಂದೊಂದು ಖಾನೆಯಿರುವ ಮಾತ್ರೆಯ ಡಬ್ಬಿಯೊಂದನ್ನು ಯಜಮಾನರಿಗೆ ಎಂದು ಕೊಟ್ಟರು. ಟೈಲರಮ್ಮ ಮನೆಗೆ ತಂದು, ಏನು ಮಾಡಬೇಕೆಂದು ತೋಚದೆ, ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಳು. ಆವತ್ತು ರಾತ್ರಿ ತನ್ನ ಮೇಲೆಯೇ ಅಸಹ್ಯಪಟ್ಟುಕೊಂಡಳು. ಆದರೂ ಮುಂದಿನ ತಿಂಗಳ ಶನಿವಾರಕ್ಕೆ ಇನ್ನೆಷ್ಟು ದಿನ ಎಂದು ಕ್ಯಾಲೆಂಡರ್ ನೋಡುವುದು ಬಿಡಲಿಲ್ಲ.

ಕೌನ್ಸೆಲರ್ ಹುಡುಗಿ ಪ್ರತಿ ತಿಂಗಳೂ ಫೋನ್ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ಬಲವಂತ ಮಾಡುವವಳಲ್ಲ. ಈ ಸಲವೂ ಬರಲಿಲ್ಲವಲ್ಲ ಅಕ್ಕ, ಬಂದವರೇ ಇಬ್ಬರು, ಕುರ್ಚಿ ಮಾತ್ರ ಹತ್ತು ಹಾಕಿದ್ದೆ ಎನ್ನುವಳು. ಬರ್ತೀನಮ್ಮ ಎಂದು ಇವಳು ಹೇಳುವಳು. ಆ ಕೋಣೆಗೆ ಹೋದರೆ ಮೊದಲ ಮಾತಿಗೇ ಗಂಡ ಸತ್ತ ಎನ್ನಬೇಕು. ಈ ಕೋಣೆಯಲ್ಲಿ ಅವನು ಇನ್ನೂ ಉಪ್ಪು ಹುಡುಕುತ್ತಿದ್ದ.

ಪಡೆದವರ ಆ ಸಭೆಯಲ್ಲಿ ಒಂದು ಪದ್ಧತಿ. ಬದಲಿ ಅಂಗವನ್ನು ಮೈ ಹೊರಗಿನದೆಂದು ತಳ್ಳಿಬಿಡದ ಹಾಗೆ ಅವರೆಲ್ಲ ಬದುಕಿರುವಷ್ಟು ದಿನ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕು. ಹಾಗಾಗಿ ಮಾತು ಎಷ್ಟೇ ಬಿಸಿಯೇರಿರಲಿ, ಆ ಹೊತ್ತಾಯಿತೆಂದರೆ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಳ್ಳುತ್ತಿದ್ದವು. ಪಡೆದವರೆಲ್ಲ ಮಾಸ್ಕು ಇಳಿಸಿ, ಮಾತ್ರೆ ಬಾಯಿಗೆ ಹಾಕಿ, ಬಾಟಲಿ ಎತ್ತುತ್ತಿದ್ದರು. ಆಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು.

ಟೈಲರಮ್ಮನ ಪಕ್ಕದ ಕುರ್ಚಿ ಗಡಿಯಾರ ರಿಪೇರಿಯವರದು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಲಿವರ್ ಹಾಕಿಸಿಕೊಂಡು ಒಂದು ವರ್ಷವಾಗಿತ್ತು. ಮಾತ್ರೆಯಿಂದ ಕೈ ನಡುಗುತ್ತದೆ, ಗಡಿಯಾರದ ಸ್ಕ್ರೂ ಹಿಡಿಯಲು ಆಗುವುದಿಲ್ಲ, ಅಂಗಡಿಯನ್ನು ತಮ್ಮನಿಗೆ ಬಿಟ್ಟಿದ್ದೇನೆ ಎಂದು ಒಮ್ಮೆ ಹೇಳಿದ್ದರು. ಈಚೆಗೆ ಅವರ ಕೈ ನಡುಗುತ್ತಿರಲಿಲ್ಲ. ಅದನ್ನು ಮೊದಲು ಕಂಡವಳು ಟೈಲರಮ್ಮ. ಫೋನು ಕಿರುಚಿದಾಗ ಅವರೂ ಎಲ್ಲರ ಹಾಗೆ ಕೈ ಬಾಯಿಗೆ ಒಯ್ಯುವರು, ನೀರೂ ಕುಡಿಯುವರು. ಆದರೆ ಆಮೇಲೆ ಆ ಕೈ ಮೆಲ್ಲಗೆ ಅಂಗಿಯ ಜೇಬಿಗೆ ಹೋಗಿಬರುತ್ತಿತ್ತು. ಯಾರ ಬಟ್ಟೆಯ ಯಾವ ಜೇಬು ಜೋತುಬಿದ್ದಿದೆ ಎಂದು ನೋಡುವುದೇ ಅವಳ ಕಸುಬಲ್ಲವೇ? ಹೇಳೋಣವೆಂದರೆ ತಾನೇ ಸುಳ್ಳಿನ ಮೇಲೆ ಕೂತವಳು, ಯಾವ ಬಾಯಲ್ಲಿ ಹೇಳುವುದು ಎಂದು ಸುಮ್ಮನಾದಳು.

ಮುಂದಿನ ತಿಂಗಳು ಅವರ ಕಣ್ಣು ಹಳದಿಯಾಗಿದ್ದವು. ಮ್ಯಾನೇಜರಮ್ಮ ಬಿಡುತ್ತಾರೆಯೇ? ಎಲ್ಲರೆದುರೇ ಕೆದಕಿ ಕೇಳಿದರು. ಗಡಿಯಾರ ರಿಪೇರಿಯವರು ಜೇಬಿಗೆ ಕೈ ಹಾಕಿ ಒಂದು ಹಿಡಿ ಮಾತ್ರೆ ತೆಗೆದು ಮೇಜಿನ ಮೇಲೆ ಇಟ್ಟರು. ಕೋಣೆಯಲ್ಲಿ ಗದ್ದಲವೆದ್ದಿತು. ಕೈ ನಡುಗಿದರೆ ನಡುಗಲಿ, ಜೀವಕ್ಕಿಂತ ಗಡಿಯಾರ ಹೆಚ್ಚಾ ಎಂದು ಒಬ್ಬರು. ಲಿವರಿಗಾಗಿ ಕಾಯುತ್ತಲೇ ಕಣ್ಣು ಮುಚ್ಚಿದ ತಮ್ಮ ಅಕ್ಕನನ್ನು ನೆನೆದು ಇನ್ನೊಬ್ಬರು ಬೈದೇಬಿಟ್ಟರು.

“ಕೈ ನಡುಗೋದಕ್ಕಲ್ಲ,” ಎಂದರು ಗಡಿಯಾರ ರಿಪೇರಿಯವರು, ಗದ್ದಲ ಇಳಿದ ಮೇಲೆ. “ಕೊಟ್ಟಿದ್ದು ಚಿಕ್ಕ ವಯಸ್ಸಿನವರಂತೆ. ನಾನು ಆಗಲೇ ಬದುಕಿ ಮುಗಿಸಿದವನು. ಆ ಮನೆಯವರು ಎಲ್ಲೋ ಕೂತು ನನ್ನನ್ನ ಶಪಿಸ್ತಾ ಇರ್ತಾರೆ. ರಾತ್ರಿಯೆಲ್ಲ ಅದೇ ಕೇಳಿಸುತ್ತೆ.”

ಹಾಗೆಲ್ಲ ಯಾರೂ ಶಪಿಸುವುದಿಲ್ಲ ಎಂದರು ಮ್ಯಾನೇಜರಮ್ಮ.

“ನಿಮಗೆ ಹೇಗೆ ಗೊತ್ತು? ಇಲ್ಲಿರೋ ಯಾರಿಗೆ ಗೊತ್ತು, ಹೇಳಿ.”

ಎಲ್ಲರೂ ಪಡೆದ ಕಡೆಯವರೇ, ಎಲ್ಲರ ನಿದ್ದೆಯನ್ನೂ ಆ ಪ್ರಶ್ನೆ ಎಂದಾದರೂ ಕೆಡಿಸಿದ್ದೇ. ಗೊತ್ತಿದ್ದವಳು ಒಬ್ಬಳೇ, ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಬಾಯಿ ಬಿಟ್ಟರೆ ಗಂಡ ಇಲ್ಲಿಂದಲೂ ಹೋಗುತ್ತಾನೆ. ಮನೆಯಿಂದ ಹೋಗಿದ್ದ, ಭಾವನ ಬಾಯಿಂದ ಹೋಗಿದ್ದ, ಬಸ್ಸಿಗೆ ಬೇರೆ ಡ್ರೈವರ್ ಬಂದಿದ್ದ. ಅವನು ಉಳಿದಿದ್ದು ಈ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಮಾತ್ರ. ಸುಮ್ಮನಿದ್ದುಬಿಡು, ಡಾಕ್ಟರಿದ್ದಾರೆ, ಮ್ಯಾನೇಜರಮ್ಮ ಇದ್ದಾರೆ, ನಿನಗೇನು ಎಂದು ಮನಸ್ಸು ಗೋಗರೆಯಿತು. ಪಕ್ಕದಲ್ಲಿ ಆ ಹಳದಿ ಕಣ್ಣುಗಳು ಮೇಜಿನ ಮೇಲಿನ ಮಾತ್ರೆಗಳನ್ನೇ ನೋಡುತ್ತಿದ್ದವು.

“ನನಗೆ ಗೊತ್ತು,” ಎಂದಳು ಟೈಲರಮ್ಮ. “ನಾನು ಆ ಕಡೆಯವಳು. ನನ್ನ ಗಂಡ ಈಗಿಲ್ಲ. ಅವರದನ್ನ ಕೊಡಿ ಅಂದಾಗ ಹೂಂ ಅಂದಿದ್ದು ನಾನೇ.”

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ಯಾರ ಮುಖವನ್ನೂ ನೋಡದೆ ಗಡಿಯಾರ ರಿಪೇರಿಯವರಿಗೊಬ್ಬರಿಗೇ ಹೇಳಿದಳು.

“ನಿಮ್ಮ ಹತ್ತಿರ ಇರೋದು ನಮ್ಮನೆಯವರದಲ್ಲ. ನಿಮಗಾಗಿ ಒಂದು ವರ್ಷ ಆಯ್ತು, ಇವರು ಹೋಗಿದ್ದು ಆಮೇಲೆ. ಆದರೆ ಆ ಮನೇಲೂ ನನ್ನಂಥವಳೊಬ್ಬಳು ಇರ್ತಾಳೆ. ನಾನು ಯಾರನ್ನೂ ಶಪಿಸಲಿಲ್ಲ, ಶಪಿಸಿಕೊಂಡಿದ್ದು ನನ್ನನ್ನೇ. ಎದೆ ಏರಿ ಇಳೀತಾ ಇತ್ತು, ಕೈ ಬೆಚ್ಚಗಿತ್ತು, ನಾನು ಹೂಂ ಅಂದೆ. ಸರಿ ಮಾಡಿದ್ನಾ ಅಂತ ಕೇಳೋಕೆ ನನಗೆ ಯಾರೂ ಇಲ್ಲ. ಅದು ಸಿಕ್ಕಿದವರು ಎಲ್ಲೋ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗ್ತಾ ಇದ್ದಾರೆ ಅಂದುಕೊಂಡು ಮಲಗ್ತೀನಿ. ಅವರು ಅದನ್ನ ಜೇಬಿಗೆ ಹಾಕ್ಕೊಂಡರೆ ನಾನು ಯಾಕೆ ಹೂಂ ಅಂದೆ?”

ಹೇಳಿ ಮುಗಿದ ಮೇಲೆ ಅವಳಿಗೆ ಮೈಯೆಲ್ಲ ಹಗುರಾಗಲಿಲ್ಲ, ಹಾಗೆಲ್ಲ ಆಗುವುದು ಕತೆಗಳಲ್ಲಿ. ಚಳಿ ಹತ್ತಿದ ಹಾಗಾಯಿತು. ಮ್ಯಾನೇಜರಮ್ಮ ಮಾಸ್ಕಿನ ಮೇಲೆಯೇ ಮೂಗು ಒತ್ತಿಕೊಂಡರು. ತನ್ನ ಗಂಡನ ಚೇಷ್ಟೆಗಳನ್ನೆಲ್ಲ ಅವಳೊಡನೆ ಹಂಚಿಕೊಂಡು ನಗುತ್ತಿದ್ದ ಹೆಂಗಸೊಬ್ಬಳು, ಇಷ್ಟು ದಿನ ನಮ್ಮನ್ನೆಲ್ಲ ಮಂಗ ಮಾಡಿದಿರಾ ಎಂದು ಕೇಳಿ, ಕೇಳಿದ ಮೇಲೆ ತಾನೇ ಮುಖ ತಿರುಗಿಸಿದಳು. ಕೆಲವರು ಅವಳ ಕಾಲಿಗೆ ಬೀಳುವವರ ಹಾಗೆ ನೋಡಿದರು, ಅದು ಇನ್ನೂ ಕಷ್ಟ. ಪಕ್ಕದಲ್ಲಿ ಕೂತು ಗಂಡಂದಿರನ್ನು ಬೈಯಲು ಇನ್ನು ಯಾರೂ ಅವಳನ್ನು ಕರೆಯುವ ಹಾಗಿರಲಿಲ್ಲ. ಗಡಿಯಾರ ರಿಪೇರಿಯವರು ಮೇಜಿನಿಂದ ಮಾತ್ರೆಯೊಂದನ್ನು ಎತ್ತಿಕೊಂಡರು. ಹಳೆಯದು ಬೇಡ, ಮೊದಲು ಕೆಳಗೆ ಡಾಕ್ಟರಿಗೆ ತೋರಿಸೋಣ, ನಡೆಯಿರಿ ಎಂದು ಯಾರೋ ಅವರ ರಟ್ಟೆ ಹಿಡಿದರು. ಟೈಲರಮ್ಮ ಚೀಲ ತೆಗೆದುಕೊಂಡು ಹೊರಗೆ ಬಂದಳು.

ಲಿಫ್ಟಿನ ಎದುರಿಗಿನ ಬೆಂಚಿನ ಮೇಲೆ ಕೂತಳು. ಅಲ್ಲಿಂದ ಆ ತುದಿಯ ಕೋಣೆ ಕಾಣುತ್ತಿತ್ತು, ಬಾಗಿಲು ಅರ್ಧ ತೆರೆದಿತ್ತು. ಕೌನ್ಸೆಲರ್ ಹುಡುಗಿ ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತು ಫೋನು ನೋಡುತ್ತಿದ್ದಳು. ಎದ್ದು ಹೋಗಬಹುದಿತ್ತು, ಹತ್ತು ಹೆಜ್ಜೆ. ಕಾಲು ಬರಲಿಲ್ಲ. ಮನೆಗೆ ಹೋಗಲೂ ಕಾಲು ಬರಲಿಲ್ಲ.

ಗಡಿಯಾರ ರಿಪೇರಿಯವರು ಜೊತೆಗೆ ಬಂದವರನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ, ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದು ಅವಳಿಗೆ ಭಯವಾಯಿತು. ಅವರು ಹೇಳಲಿಲ್ಲ. ಅವಳನ್ನು ನೋಯಿಸಬಾರದೆಂಬ ಹಾಗೆ ನೆಲ ನೋಡುತ್ತ ಕೇಳಿದರು.

“ಅಲ್ಲಮ್ಮ, ಆ ಟವೆಲು, ಉಪ್ಪಿನ ಡಬ್ಬಿ, ಹೋಂವರ್ಕ್ ಮಾಡದ ಮಕ್ಕಳು... ಅವೆಲ್ಲ ಸುಳ್ಳಾ?”

“ಬದುಕಿದ್ದಾರೆ ಅಂದಿದ್ದೊಂದು ಸುಳ್ಳು,” ಎಂದಳು ಟೈಲರಮ್ಮ. “ಮಿಕ್ಕಿದ್ದೆಲ್ಲ ನಿಜ.”