ಹುಗಿದ ಅನ್ನ

"ಬುಟ್ಟಿ ಬಿಡು ಅಂತೀನಿ!"

ಮರಿಲಿಂಗಪ್ಪ ಒಂದು ಕಡೆ ಎಳೆದ, ಶೇಖಮ್ಮ ಇನ್ನೊಂದು ಕಡೆ. ಶೇಖಮ್ಮನ ಅತ್ತೆ ಮಾನಮ್ಮನನ್ನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದರು. ದೋರನಹಳ್ಳಿಯ ಬೀಗರು ತಂದಿದ್ದ ಅನ್ನ ಯಾರೂ ಸರಿಯಾಗಿ ಉಣ್ಣದೆ ಬುಟ್ಟಿ ತುಂಬ ಉಳಿದು, ಬಿಸಿಲಿಗೆ ಹಳಸತೊಡಗಿತ್ತು. ಅದನ್ನು ಅಕ್ಕನ ಎಮ್ಮೆಗೆ ಸುರಿಯಬೇಕೆಂದು ಮಾನಮ್ಮನ ತಮ್ಮ ಮರಿಲಿಂಗಪ್ಪನ ಹಟ.

"ಅಕ್ಕನ ಹೆಸರಿಲೆ ದನಾ ಉಂಡ್ರ ಅಕ್ಕನ ಜೀವ ತಣ್ಣಗಾಗ್ತದ. ಅಡ್ಡ ಬರಬ್ಯಾಡ."

"ಒಂದು ತುತ್ತು ಹಾಕ್ರಿ ಮಾವಾರ, ಬ್ಯಾಡ ಅನ್ನಂಗಿಲ್ಲ. ಬುಟ್ಟಿ ಸುರಿಯಾಕ ಬಿಡಂಗಿಲ್ಲ."

"ಅತ್ತಿ ಹ್ವಾದ ದಿನಾನೇ ಇಷ್ಟು ಮಾತು ಬಂದಾವೇನು ನಿನಗ?"

ಶೇಖಮ್ಮನ ಗಂಡ ಅಮರಪ್ಪ ಕಟ್ಟೆಯ ಮೇಲಿಂದಲೇ, "ಹೋಗ್ಲಿ ಬಿಡು, ಇವತ್ತೊಂದಿನ" ಎಂದ.

ಇವತ್ತೊಂದಿನ! ಆ ಮಾತೇ ಹಿಂದೊಮ್ಮೆ ಒಂದು ಎಮ್ಮೆಯನ್ನು ತಿಂದಿತ್ತು.

*

ಆಗ ಊರಿಗೆ ಕೆನಾಲ್ ನೀರು ಹೊಸದು. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಅನ್ನ ದಿನದೂಟವಾಗಿತ್ತು. ಶೇಖಮ್ಮ ಸೊಸೆಯಾಗಿ ಬಂದ ಮದುವೆಯಲ್ಲಿ ಅನ್ನ ರಾಶಿ ಉಳಿಯಿತು. "ಇವತ್ತೊಂದಿನ ದನಾನೂ ಮದುವಿ ಊಟ ಮಾಡಲಿ" ಎಂದು ಮರಿಲಿಂಗಪ್ಪ ಎಮ್ಮೆಯ ಮೇವಿನ ಗೋದಲಿಗೆ ಅನ್ನ ತುಂಬಿಸಿದ. ಎಮ್ಮೆ ಆಸೆಯಿಂದ ಬಳಿದು ತಿಂದಿತು. ಮರುದಿನ ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ, ಕುಡಿದವರಂತೆ ತೂರಾಡಿ ನೆಲ ಹಿಡಿಯಿತು. ಶಹಾಪುರದ ದನದ ಡಾಕ್ಟರು ಬಂದಾಗ ಹೊತ್ತು ಮೀರಿತ್ತು.

"ದೃಷ್ಟಿ ತಾಗ್ಯಾದ" ಎಂದ ಮರಿಲಿಂಗಪ್ಪ. "ಹೊಸ ಸೊಸಿ ಕಾಲ್ಗುಣ" ಎಂದಿತು ಓಣಿ.

ಸತ್ತ ಎಮ್ಮೆಯ ಪಕ್ಕದಿಂದ ಮಾನಮ್ಮ ಎದ್ದು ನಿಂತಳು.

"ನನ್ನ ಸೊಸಿ ಏನ್ ಮಾಡ್ಯಾಳ? ಡಾಕ್ಟರ್ ಸಾಹೇಬ್ರು ಹೇಳಿದ್ದು ಕಿವಿಗಿ ಬೀಳಲಿಲ್ಲೇನು? ರಾಶಿ ಅನ್ನ ದನದ ಹೊಟ್ಯಾಗ ಹುಳಿ ಆಗ್ತದ, ಆ ಹುಳಿ ರಕ್ತಕ್ಕ ಏರ್ತದ. ಕೊಂದಿದ್ದು ಅನ್ನ. ಸುರಿದ ಕೈ ನಿಂದು, ತಮ್ಮಾ."

ಅಂದಿನಿಂದ ಯಾರ ಮನೆಯ ಊಟವಿರಲಿ, ಪಂಕ್ತಿ ಎದ್ದ ಕೂಡಲೇ ಮಾನಮ್ಮ ಸಲಿಕೆ ಹಿಡಿದು ಹಾಜರು. ಉಣ್ಣುವವರು ಉಂಡು, ಒಯ್ಯುವವರು ಒಯ್ದು ಉಳಿದದ್ದನ್ನು ತೆಗ್ಗು ತೋಡಿ ಹುಗಿಯುತ್ತಿದ್ದಳು. "ಅನ್ನ ಮಣ್ಣು ಮಾಡಾಕಿ, ಪಾಪ ಸುತ್ಕೊಂತದ" ಎಂದು ಹೆಂಗಸರು ಬೈದರೆ, "ನನಗ ಸುತ್ಕೊಳ್ಳಿ, ದನಕ್ಕ ಬ್ಯಾಡ" ಎಂದು ಇನ್ನಷ್ಟು ಮಣ್ಣು ಎಳೆಯುತ್ತಿದ್ದಳು.

*

ಶೇಖಮ್ಮ ಬುಟ್ಟಿಯನ್ನು ಒಮ್ಮೆಲೇ ಕಿತ್ತುಕೊಂಡಳು.

"ಆವತ್ತು ನಾ ಮದುಮಗಳು, ಬಾಯಿ ಇರಲಿಲ್ಲ. ಇವತ್ತು ಅದ. ಎಮ್ಮಿ ಗಬ್ಬ ಅದ ಮಾವಾರ, ಇಂದೋ ನಾಳಿಗೋ ಈಯ್ತದ. ಎರಡು ಜೀವ ನಿಮ್ಮ ಕೈಗಿ ಕೊಡಂಗಿಲ್ಲ."

ಅವಳು ಹಿತ್ತಲಿಗೆ ನಡೆದು ಸಲಿಕೆ ಹಾಕಿದಳು. ನೆಲ ಗಟ್ಟಿಯಾಗಿತ್ತು. ಸೆರಗು ಸೊಂಟಕ್ಕೆ ಸಿಗಿಸಿ ಮತ್ತೆ ಹಾಕಿದಳು. ಕಟ್ಟೆ ಬಿಟ್ಟು ಎದ್ದು ಬಂದ ಅಮರಪ್ಪ ಸಲಿಕೆಗೆ ಕೈ ಚಾಚಿದ. ಬೆಳಿಗ್ಗೆ ಅವ್ವನಿಗೆ ಕೊಟ್ಟ ಮಣ್ಣು ಅವನ ಉಗುರಲ್ಲಿ ಇನ್ನೂ ಇತ್ತು.

"ಸತ್ತಾಕಿ ಊಟ ಹುಗೀತಾರಂತ!" ಮರಿಲಿಂಗಪ್ಪ ಟವೆಲ್ ಜಾಡಿಸಿ ಹೊರಬಿದ್ದ. ಅವನನ್ನು ಯಾರೂ ಕರೆಯಲಿಲ್ಲ.

ಅನ್ನದ ಮೇಲೆ ಮಣ್ಣು ಎಳೆದಾದ ಮೇಲೆ ಶೇಖಮ್ಮ ಒಂದು ತೆಕ್ಕೆ ಒಣ ಕಣಕಿ ಮೇವು ತಂದು ಗೋದಲಿಗೆ ಹಾಕಿದಳು. ಎಮ್ಮೆ ಮೂಸಿ, ಬಾಯಿ ಹಾಕಿತು. ಅದರ ಬಲಪಕ್ಕೆಯ ತೊಗಲು ಒಳಗಿನಿಂದ ಒಮ್ಮೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಕರು ಒದೆಯುತ್ತಿತ್ತು.