ಮಧುಸೂದನನ ಸರಪಳಿ

ದಿಬ್ಬೂರಹಳ್ಳಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ಮಧುಸೂದನನ ಹೊಲ, ಅದರ ಆ ತುದಿಗೆ ಅವನ ಮನೆ. ಹಳೇ ಸರ್ವೆ ನಕ್ಷೆಯಲ್ಲಿ ಇಬ್ಬರಿಗೂ ತಲಾ ನಾಲ್ಕು ಸರಪಳಿ ಅಗಲ. ಇಲ್ಲಿನ ಸರಪಳಿ ಮೂವತ್ತಮೂರು ಅಡಿ ಎಂದು ಅಕ್ಷರ ಬಾರದ ನನ್ನ ಅತ್ತೆಗೂ ಗೊತ್ತಿತ್ತು. ಈ ಪದವೀಧರನಿಗೆ ಮೊಬೈಲು ಅರವತ್ತಾರು ಎಂದಿತಂತೆ. ಮನೆಯ ಹಿಂಗೋಡೆಯಿಂದ ಟೇಪು ಎಳೆದುಕೊಂಡು, ಗಡಿಕಲ್ಲು ದಾಟಿ, ನಮ್ಮ ತೋಟವನ್ನೆಲ್ಲ ತುಳಿದು ಆಚೆ ಬದುವಿನ ಮೇಲೆ ನಿಂತ.

"ಇಲ್ಲೀವರ್ಗೂ ನಂದೇ ಮಂಗಮ್ಮ. ಲೆಕ್ಕ ಅಂದ್ರೆ ಲೆಕ್ಕ," ಎಂದ.

ಇಂಥ ತಲೆಯೊಂದಿಗೆ ವಾದ ದಂಡ. "ನಂದೂ ಅದೇ ಲೆಕ್ಕದಲ್ಲಿ ಅಳೀತೀನಿ, ಕೊಡಪ್ಪ," ಎಂದು ಟೇಪು ಕಿತ್ತುಕೊಂಡು, ಅದೇ ಬದುವಿನಿಂದ ವಾಪಸ್ ಅಳೆದೆ. ನನ್ನ ನಾಲ್ಕು ಸರಪಳಿ ಅವನ ಅಡುಗೆಮನೆಯಲ್ಲಿ ಮುಗಿಯಿತು. ಒಲೆ ಮುಂದೆ ಅವನ ಹೆಂಡತಿ ತನುಜ ನಿಂತಿದ್ದಳು.

"ಇದು ನಮ್ಮ ಅಡುಗೆಮನೆಯಂತೆ ಕಣಮ್ಮ. ನಂಗೊಂದು ಲೋಟ ಕಾಫಿ ಮಾಡು. ನಿನ್ ಗಂಡನಿಗೆ ಬೇಡ."